ಉಸುಕಿನಲ್ಲಿ ಸಿಕ್ಕ ಲಿಂಗ

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಮೋಟಾರುಗಳನ್ನು ಇದ್ದಿಲು ಸುಟ್ಟು ಓಡಿಸುತ್ತಿದ್ದರು. ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿಕೊಂಡು, ಹೊಗೆ ಕಾರುತ್ತ, ಏರು ಬಂದಲ್ಲಿ ಕೂತವರನ್ನೇ ಇಳಿಸಿ ನೂಕಿಸಿಕೊಳ್ಳುತ್ತ ಬರುವ ಆ ಮೋಟಾರಿಗೆ ನಮ್ಮಪ್ಪ ‘ಹೊಗಿಬಂಡಿ ಸವತಿ ಮಗ’ ಎಂದು ಹೆಸರಿಟ್ಟಿದ್ದ. ಅಂಥದ್ದೊಂದು ಮೋಟಾರು ನಮ್ಮ ಅವ್ವನನ್ನು ಸಾವಿನ ಬಾಗಿಲಿಗೆ ಒಯ್ದು ನಿಲ್ಲಿಸಿತು.

ಅವ್ವ ಸವಣೂರಿನ ತವರಿನಲ್ಲಿ ನನ್ನ ತಮ್ಮನನ್ನು ಹಡೆದು, ಬಾಣಂತನ ಮುಗಿಸಿಕೊಂಡು ಅಬಲೂರಿನ ಕಡೆಯ ನಮ್ಮೂರಿಗೆ ಹೊರಟಿದ್ದಳು. ಚಕ್ಕಡಿ ಹೊಡೆಯುವವನು ಅಪ್ಪ. ಹಿಂದೆ ಹುಲ್ಲಿನ ಮೇಲೆ ಹಾಸಿದ ಕೌದಿಯಲ್ಲಿ ಅವ್ವ, ಕೂಸು, ನಾನು. ನನಗೆ ಆಗ ಎಂಟೊಂಬತ್ತು ವರ್ಷ. ಶಿಗ್ಗಾಂವದಲ್ಲಿ ವಸ್ತಿ ಮಾಡಿ, ನಸುಕಿನಲ್ಲಿ ಎದ್ದು, ಬಿಸಿಲೇರುವುದರೊಳಗೆ ಹಾನಗಲ್ಲ ಮುಟ್ಟಬೇಕೆಂಬುದು ಅಪ್ಪನ ಲೆಕ್ಕ. ಅವನ ಲೆಕ್ಕ ಯಾವಾಗ ಸರಿಹೋಗಿತ್ತು? ಬಿಸಿಲು ನೆತ್ತಿಗೆ ಬಂದಾಗ ನಾವಿನ್ನೂ ಅರ್ಧ ದಾರಿಯಲ್ಲಿದ್ದೆವು.

ಒಂದು ಹಳ್ಳದ ಇಳಿಜಾರಿನಲ್ಲಿ ಹಿಂದಿನಿಂದ ಮೋಟಾರು ಬಂತು. ನಮ್ಮ ಪಕ್ಕಕ್ಕೆ ಬಂದದ್ದೇ ತಡ, ಅದರ ಹೊಟ್ಟೆಯಲ್ಲಿ ಢಮ್ಮೆಂದು ಏನೋ ಒಡೆದ ಸದ್ದಾಯಿತು. ಎತ್ತುಗಳು ಬೆದರಿ ರಸ್ತೆ ಬಿಟ್ಟು ಹಳ್ಳಕ್ಕೆ ನುಗ್ಗಿದವು. ಗಾಲಿ ಬಂಡೆಗೆ ಬಡಿದು ಮುರಿಯಿತು, ಚಕ್ಕಡಿ ಮಗುಚಿತು. ಮೋಟಾರು ನಿಲ್ಲಲಿಲ್ಲ. ನಿಂತರೆ ಮತ್ತೆ ಚಾಲೂ ಆದೀತೆಂಬ ನೆಚ್ಚಿಗೆ ಅದಕ್ಕೇ ಇರಲಿಲ್ಲವೇನೋ.

ಕೂಸು ಅವ್ವನ ಎದೆಗವಚಿಕೊಂಡೇ ಇತ್ತು. ಅದಕ್ಕೆ ಏನೂ ಆಗಿರಲಿಲ್ಲ. ಅವ್ವನ ಹಣೆ ಕಲ್ಲಿಗೆ ಬಡಿದು ರಕ್ತ ಮುಖದ ತುಂಬ ಇಳಿದಿತ್ತು. ಮನೆಯಲ್ಲಿ ಹುಲಿಯಂತೆ ಗುಡುಗುವ ಅಪ್ಪ, “ಏ, ಏ” ಎನ್ನುತ್ತ ಸುಮ್ಮನೆ ಸುತ್ತು ಹಾಕತೊಡಗಿದ.

ಆಗ ಓಡಿ ಬಂದವಳು ಆಕೆ. ಅವ್ವನ ವಾರಿಗೆಯವಳು, ಬರಿಗಾಲು, ಕಂಕುಳಲ್ಲೊಂದು ಸಣ್ಣ ಗಂಟು. ನೀರಡಿಸಿ ಹಳ್ಳಕ್ಕೆ ಇಳಿದು, ಕುಡಿಯಲೆಂದು ಉಸುಕಿನಲ್ಲಿ ವರತೆ ತೋಡುತ್ತಿದ್ದಳಂತೆ. ಮೊಣಕೈತನಕ ಒದ್ದೆ ಉಸುಕು ಮೆತ್ತಿತ್ತು. ಬಂದವಳೇ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ಗಾಯ ಒತ್ತಿ ಹಿಡಿದಳು. ಅಷ್ಟರಲ್ಲಿ ಹಿಂದಿನಿಂದ ಮತ್ತೊಂದು ಚಕ್ಕಡಿ ಬಂತು. ಸವಣೂರಿನ ಎಲೆಯನ್ನು ಹಾನಗಲ್ಲಿನ ಸಂತೆಗೆ ಒಯ್ಯುವ ಒಬ್ಬ ಸಾಬರು. ವೀಳ್ಯದೆಲೆಯ ಪೆಂಡಿಗಳ ಮೇಲೆ ಹೊದಿಸಿದ್ದ ತೊಯ್ದ ಗೋಣಿತಟ್ಟನ್ನು ಕಿತ್ತು ತಂದು ಅವ್ವನ ಮೈಮೇಲೆ ಹಾಕಿದರು. ಆ ಬಿಸಿಲಿಗೆ ಎಲೆ ಬಾಡಿದರೆ ಅವರ ಸಂತೆ ಮುಗಿದಂತೆ. ಅದನ್ನು ಅವರು ಆಡಲೂ ಇಲ್ಲ.

ಅವರು ತಮ್ಮ ಗಡಿಗೆಯಿಂದ ನೀರು ಬಗ್ಗಿಸಿ ಅವ್ವನ ಬಾಯಿಗೆ ಹಿಡಿದರು. ಅವ್ವ ಕೊರಳಿಗೆ ಕೈ ಹಾಕಿ ನೋಡಿಕೊಂಡಳು. ಮುಖ ಆ ಕಡೆ ತಿರುಗಿಸಿದಳು.

“ನಮ್ಮ ನೀರಂತ ಬ್ಯಾಡ ಅಂತೀಯೇನ ತಂಗಿ?” ಎಂದರು ಸಾಬರು. “ಇರು, ಈ ತಂಗಿ ವರತಿಯಿಂದ ತಂದು ಕುಡಸ್ತಾಳ.”

“ನಿಮ್ಮ ನೀರಂತಲ್ರಿ ಅಣ್ಣಾ,” ಎಂದಳು ಅವ್ವ. “ಲಿಂಗ ಇಲ್ಲ ಕೊರಳಾಗ.”

ಹುಟ್ಟಿದ ದಿನ ಗುರು ಕಟ್ಟಿದ ಲಿಂಗ ಸಾಯುವತನಕ ಮೈಮೇಲಿರಬೇಕು, ಅದಿಲ್ಲದೆ ಹನಿ ನೀರೂ ಗಂಟಲಿಗಿಳಿಸಬಾರದು ಎಂಬುದು ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತಿದ್ದ ಮಾತು. ಅವ್ವ ತನ್ನದನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಳು. ಚಕ್ಕಡಿ ಮಗುಚಿದಾಗ ದಾರ ಹರಿದು ಎಲ್ಲೋ ಬಿದ್ದಿತ್ತು.

ಎಲ್ಲರೂ ಹುಡುಕಿದೆವು. ಸಾಬರೂ ಕೆರವು ಬಿಟ್ಟು ಉಸುಕಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಹುಡುಕಿದರು. “ನಮ್ಮವ್ವನೂ ಹಿಂಗ ರಿ, ಜ್ವರ ಬಂದ್ರೂ ರೋಜಾ ಬಿಡಾಕಿ ಅಲ್ಲ,” ಎಂದು ಅಪ್ಪನಿಗೆ ಹೇಳುತ್ತಿದ್ದರು. ಅವ್ವನ ತುಟಿಗಳು ಬೆಳ್ಳಗಾಗಿ ಒಡೆದಿದ್ದವು. ಎರಡು ಸಲ ವಾಂತಿ ಮಾಡಿಕೊಂಡಳು. ಕೂಸು ಮೊಲೆಗೆ ಬಾಯಿ ಹಾಕಿ ಹಾಲು ಬಾರದೆ ಚೀರುತ್ತಿತ್ತು. ಅಪ್ಪ ತನ್ನ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನೇ ಕೊರಳಿಂದ ತೆಗೆದು ಅವ್ವನ ಮುಂದೆ ಹಿಡಿದ.

“ನಂದ ತಗೋ. ಒಂದ ಗುಟುಕು ಕುಡಿ. ನಾ ಹಾನಗಲ್ಲ ಮಠದಾಗ ಬ್ಯಾರೇದು ಕಟಿಸ್ಕೋತೇನಿ.”

“ನಿಮ್ಮ ಪ್ರಾಣ ನಾ ಇಸಗೊಂಡು ಬದುಕ್ಲೇನ್ರಿ?” ಎಂದಳು ಅವ್ವ. ಕಣ್ಣು ಮುಚ್ಚಿದಳು.

ಆ ಮಾತನ್ನು ಆಕೆ ಕೇಳಿಸಿಕೊಂಡಳು. ಅವ್ವನ ತಲೆಯನ್ನು ಮೆಲ್ಲಗೆ ನನ್ನ ತೊಡೆಗೆ ದಾಟಿಸಿ, “ಆ ಲಕ್ಕಿ ಗಿಡದ ಬುಡಕ್ಕೊಮ್ಮಿ ನೋಡಿ ಬರ್ತೇನಿ,” ಎಂದು ಎದ್ದು ಹೋದಳು. ಗಿಡದ ಮರೆಯಲ್ಲಿ ಸ್ವಲ್ಪ ಹೊತ್ತು ಕಾಣಲಿಲ್ಲ. ತಿರುಗಿ ಬಂದಾಗ ಅಂಗೈಯಲ್ಲಿ ಲಿಂಗವಿತ್ತು, ಒದ್ದೆ, ಉಸುಕು ಮೆತ್ತಿದ್ದು.

“ಉಸುಕಿನ್ಯಾಗ ಸಿಕ್ತು ನೋಡ್ರಿ ಯವ್ವಾ. ಅರಿವಿ ಎಲ್ಲೋ ಹೋಗೇತಿ, ಲಿಂಗ ಅಷ್ಟ ಸಿಕ್ತು.”

ಅಪ್ಪ ಗೊಳೋ ಎಂದು ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ವರತೆಯ ನೀರಲ್ಲಿ ಲಿಂಗ ತೊಳೆದು, ತನ್ನ ಚೀಲದ ವಿಭೂತಿ ಧರಿಸಿ, ಅವ್ವನ ಎಡ ಅಂಗೈಯಲ್ಲಿಟ್ಟ. ಕಂತಿಯ ಕಪ್ಪು ಲೇಪ ಹಚ್ಚಿದ ಲಿಂಗಗಳೆಲ್ಲ ನೋಡಲು ಒಂದೇ. ಅವ್ವ ಅರೆಗಣ್ಣಿನಲ್ಲಿ ನೋಡಿ ಹಣೆಗೆ ಒತ್ತಿಕೊಂಡಳು. ಆಮೇಲೆ ಆಕೆಯ ಬೊಗಸೆಯಿಂದ ನೀರು ಕುಡಿದಳು, ಎಷ್ಟೋ ಹೊತ್ತು ಕುಡಿದಳು.

ಅವ್ವನನ್ನು ಕೌದಿಯ ಸಮೇತ ಎತ್ತಿ ಎಲೆಯ ಚಕ್ಕಡಿಯಲ್ಲಿ ಮಲಗಿಸಿದರು. ಹೊರಡುವಾಗ ಸಾಬರು ಆಕೆಗೂ ನೀರು ಕೊಡಹೋದರು. “ಬ್ಯಾಡ್ರಿ, ನಂಗೀಗ ನೀರಡಿಕಿಲ್ಲ,” ಎಂದಳು. ಬುತ್ತಿಯ ಗಂಟಿನಿಂದ ನಾನು ಒಂದು ರೊಟ್ಟಿ ತೆಗೆದು ಕೊಟ್ಟೆ. ನನ್ನ ಗಲ್ಲ ಸವರಿ ಇಸಿದುಕೊಂಡು, ಸೆರಗಿನ ತುದಿಗೆ ಕಟ್ಟಿಕೊಂಡಳು. ಊರು ಯಾವುದು, ಯಾರ ಮನೆಯವಳು ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಬಾರದೆ? ಕೇಳಲಿಲ್ಲ. ಹಾನಗಲ್ಲಿನ ದವಾಖಾನೆಯಲ್ಲಿ ಹಣೆಗೆ ಹೊಲಿಗೆ ಹಾಕಿದರು. ಅವ್ವ ಉಳಿದಳು, ಕೂಸೂ ಉಳಿಯಿತು.

ಊರಿಗೆ ಬಂದ ಮೇಲೆ, ಮಳೆಗಾಲಕ್ಕೆ ಮುಂಚೆ, ಅವ್ವ ಆ ಕೌದಿಯನ್ನು ದುರಸ್ತಿಗೆ ತೆಗೆದಳು. ಚಕ್ಕಡಿ ಮಗುಚಿದಾಗ ಅದು ಒಂದು ಮಗ್ಗುಲಿಗೆ ಹರಿದಿತ್ತು. ಹರುಕಿನೊಳಗೆ ಕೈ ಹಾಕಿ ಪದರು ಬಿಡಿಸುತ್ತಿದ್ದವಳ ಬೆರಳಿಗೆ ಗಟ್ಟಿಯಾದದ್ದೇನೋ ತಗಲಿತು. ಕೈ ಹೊರಗೆ ಬಂದಾಗ ಅದರಲ್ಲಿ ಅವಳ ಹಳೆಯ ಸೀರೆಯ ಚೂರಿತ್ತು, ಹರಿದ ದಾರವಿತ್ತು. ಬಟ್ಟೆಯೊಳಗೆ ಅವಳ ಲಿಂಗವಿತ್ತು.

ಕೊರಳಲ್ಲಿದ್ದದ್ದನ್ನೂ ಬಿಚ್ಚಿದಳು. ಒಂದೊಂದು ಅಂಗೈಯಲ್ಲಿ ಒಂದೊಂದು ಇಟ್ಟುಕೊಂಡು ಕೂತಳು. ಒಲೆಯ ಮೇಲಿನ ಹಾಲು ಉಕ್ಕಿ ಬೂದಿಗೆ ಸುರಿಯುತ್ತಿದ್ದರೂ ಏಳಲಿಲ್ಲ.

“ಹಂಗಾರ ಆಕಿ?” ಎಂದಳು. ಯಾರನ್ನು ಕೇಳಿದಳೋ. ಆಮೇಲೆ ನನ್ನ ಕಡೆ ತಿರುಗಿ, “ನೀ ರೊಟ್ಟಿ ಕೊಟ್ಟಿದ್ಯಲ್ಲ, ತಿಂದ್ಳೇನ?” ಎಂದು ಕೇಳಿದಳು.

“ಇಲ್ಲಬೇ. ಸೆರಗಿಗೆ ಕಟಗೊಂಡ್ಳು.”

ಅಪ್ಪ ಮರುದಿನವೇ ಸವಣೂರಿಗೆ ಹೋಗಿ ಎಲೆಯ ಸಾಬರನ್ನು ಕಂಡು ಬಂದ. ಅವರು ಹೇಳಿದ್ದನ್ನು ಅಪ್ಪ ಅವ್ವನಿಗೆ ಹೇಳುವಾಗ ನಾನು ಕದದ ಹಿಂದೆ ನಿಂತು ಕೇಳಿದೆ. ನಮ್ಮನ್ನು ಹಾನಗಲ್ಲಿಗೆ ಮುಟ್ಟಿಸಿ ಮರುದಿನ ಮಧ್ಯಾಹ್ನ ಅವರು ಅದೇ ದಾರಿಯಿಂದ ತಿರುಗಿ ಬರುವಾಗ ಆಕೆ ಇನ್ನೂ ಹಳ್ಳದಲ್ಲೇ ಇದ್ದಳಂತೆ. ಬೊಗಸೆ ಬೊಗಸೆ ಉಸುಕು ತೆಗೆದು ಬೆರಳ ಸಂದಿನಿಂದ ಸೋಸುತ್ತಿದ್ದಳಂತೆ. ಏನು ಹುಡುಕಾಕತ್ತಿ ತಂಗಿ ಎಂದರೆ, “ಆ ಯವ್ವಂದು,” ಎಂದಳಂತೆ. ಅದು ನಿನ್ನೆಯೇ ಸಿಕ್ಕಿತಲ್ಲ ಎಂದು ಇವರು ಅಂದದ್ದಕ್ಕೆ ನಕ್ಕಳಂತೆ. ಬಿಸಿಲು ತಲೆಗೇರಿದೆ ಪಾಪ ಎಂದುಕೊಂಡು ಸಾಬರು ಒಂದು ಮಣ್ಣಿನ ಮಗಿಯಲ್ಲಿ ನೀರಿಟ್ಟು ಬಂದರಂತೆ.

ಬರುವಾಗ ಅಪ್ಪ ಆ ಹಳ್ಳಕ್ಕೂ ಇಳಿದಿದ್ದ. ನಮ್ಮ ಗಾಲಿ ಮುರಿದಲ್ಲಿಂದ ಹಳ್ಳ ತಿರುಗುವತನಕ ಉಸುಕಿನ ತುಂಬ ಕೈಯಿಂದ ತೋಡಿದ ಕುಣಿಗಳಿದ್ದವು. ಲಕ್ಕಿ ಗಿಡದ ಬುಡದಲ್ಲಿ ಮಗಿ ಇತ್ತು, ಬರಿದಾಗಿತ್ತು. ಆಕೆ ಕುಡಿದಳೋ, ಬಿಸಿಲು ಕುಡಿಯಿತೋ. ಸುತ್ತಿನ ಹಳ್ಳಿಗಳಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ಜನ ನಗುತ್ತಾರೆ. ನಮ್ಮ ಮನೆಯಲ್ಲಿ ಆ ಗಾದೆಯನ್ನು ಆಮೇಲೆ ಯಾರೂ ಆಡಲಿಲ್ಲ. ಆಕೆ ಉಸುಕು ಸೋಸುತ್ತಿದ್ದಾಗ ಹುಡುಕುವ ವಸ್ತು ನಮ್ಮವ್ವನ ಮೈ ಕೆಳಗೆ, ಕೌದಿಯೊಳಗೆ, ಹಾನಗಲ್ಲ ದಾಟಿ ಹಿರೇಕೆರೂರಿನ ದಾರಿ ಹಿಡಿದಿತ್ತು.

“ಯಾವದರ ಮಠಕ್ಕ ಹೋಗಿ ಬ್ಯಾರೇದು ಕಟಿಸ್ಕೊಂಡಿರ್ತಾಳ ಬಿಡು,” ಎನ್ನುತ್ತಿದ್ದ ಅಪ್ಪ. “ಹಂಗ ಆಗಿರ್ಲಿ,” ಎನ್ನುತ್ತಿದ್ದಳು ಅವ್ವ. ಆದರೆ ಹೆಚ್ಚಾದ ಲಿಂಗವನ್ನು ಮಠಕ್ಕೆ ಒಪ್ಪಿಸಿಬಿಡು ಎಂದು ಸ್ವಾಮಿಗಳು ಹೇಳಿದರೂ ಒಪ್ಪಿಸಲಿಲ್ಲ. ದಿನಾ ಎರಡು ಪೂಜೆ. ಮೊದಲು ಆಕೆಯದು, ಆಮೇಲೆ ತನ್ನದು. ಮಧ್ಯಾಹ್ನ ನೀರಿನ ತಂಬಿಗೆ ಎತ್ತಿದವಳು ಒಮ್ಮೊಮ್ಮೆ ಹಾಗೇ ಕೆಳಗಿಟ್ಟು ಎದ್ದು ಹೋಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಬದುಕಿದ ತಾಯಿಯನ್ನು ಯಾವಳೋ ದಾರಿಹೋಕಳು ಅರ್ಧ ಒಯ್ದುಬಿಟ್ಟಳು ಅನಿಸುತ್ತಿತ್ತು. ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ ಅವ್ವ ವಿಷಮಜ್ವರದಲ್ಲಿ ಹೋದಳು. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಹಿಂದಿನ ದಿನ, ಮೈಮೇಲೆ ಎಚ್ಚರ ಇರುವಾಗಲೇ, ನನ್ನ ಕೈ ಹಿಡಿದು ಹೇಳಿದಳು.

“ನಂದು ನನ್ನ ಕೈಯಾಗ ಇಡ್ರಿ. ಆಕೀದು ಮಣ್ಣಿಗೆ ಹಾಕಬ್ಯಾಡ್ರಿ. ಆಕಿ ಇನ್ನೂ ಉಣ್ಣಬೇಕು.”

ಆ ಲಿಂಗ ಈಗ ನನ್ನ ದೇವರ ಜಗುಲಿಯ ಮೇಲಿದೆ. ಬಾಗಿಲಿಗೆ ಯಾವ ಹೆಣ್ಣುಮಗಳು ಬಂದು ನೀರು ಕೇಳಿದರೂ ನನ್ನ ಕಣ್ಣು ಮೊದಲು ಅವಳ ಕೊರಳಿಗೆ ಹೋಗುತ್ತದೆ. ಇದ್ದಿದ್ದರೆ ಆಕೆಗೀಗ ನೂರರ ಹತ್ತಿರ, ಅದು ನನಗೆ ತಿಳಿಯದ್ದೇನಲ್ಲ. ಮುದುಕಿಗೆ ಅರುಳು ಮರುಳು ಎಂದು ಸೊಸೆಯಂದಿರು ಮುಖ ಮುಖ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲಿ. ಮುಂಜಾನೆ ಅದಕ್ಕೆ ನೀರೆರೆದು, ವಿಭೂತಿ ಧರಿಸಿ, ಒಂದು ರೊಟ್ಟಿ ತೆಗೆದಿಡುತ್ತೇನೆ. ನಾನು ಉಣ್ಣುವುದು ಆಮೇಲೆ.