ಹಿಂದೆ ಸರಿದು ನಿಂತ ‘ಎ’

ಕಳೆದ ತಿಂಗಳು ಹೊಳೆಆಲೂರಿನ ಸ್ಟೇಶನ್ನಿನಲ್ಲಿ ಗಾಡಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಹತ್ತಿಯ ಅಂಡಿಗೆಗಳನ್ನು ಒಟ್ಟಿದ್ದರು. ಬಿಸಿಲಿಗೆ ಕಾದ ಹತ್ತಿಕಾಳಿನ ಎಣ್ಣೆವಾಸನೆ ಮೂಗಿಗೆ ಬಡಿಯಿತು, ಅಷ್ಟೇ. ರೈಲಿನ ಹೆಸರನ್ನೂ ಕೇಳಿರದ ಕಾಲದ ರೋಣ ಕಣ್ಣೆದುರು ಬಂತು. ಸಾಹುಕಾರರ ಹತ್ತಿಯ ವಖಾರ, ಅದರ ಮುಂದಿನ ಕಟ್ಟೆ, ಕಟ್ಟೆಯ ಮೇಲೆ ನಮ್ಮ ಇಂಗ್ಲಿಷ್ ಮಾಸ್ತರರು...

ಅವು ಕಂಪನಿ ಸರಕಾರದ ಕೊನೆಯ ವರ್ಷಗಳು. ಮರಾಠಿ ಲೆಕ್ಕಪತ್ರದ ಮೋಡಿ ಅಕ್ಷರ ಬಲ್ಲವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ಇಂಗ್ಲಿಷ್ ಬಲ್ಲವರು ಇರಲಿಲ್ಲ. ಹತ್ತಿ ಕೊಳ್ಳಲು ಬರುವ ದೊರೆಗಳ ಜೊತೆ ಮಾತಾಡುವವರು ಬೇಕೆಂದು ಸಾಹುಕಾರರು ಮಾಸ್ತರರನ್ನು ಕರೆಸಿ, ವಖಾರದ ಹಿಂದಿನ ಕೋಣೆ ಕೊಟ್ಟು, ಊಟಕ್ಕೆ ಮನೆಯಿಂದಲೇ ಕಾಳುಕಡಿ ಕಳಿಸುತ್ತಿದ್ದರು. ಮಾಸ್ತರರು ಗಜೇಂದ್ರಗಡದ ನೇಕಾರ ಮನೆತನದವರು. ಮಗ್ಗ ಬಿಟ್ಟು ಧಾರವಾಡಕ್ಕೆ ಹೋಗಿ ಒಬ್ಬ ಪಾದ್ರಿಗೆ ಕನ್ನಡ ಕಲಿಸಿ, ಅದಕ್ಕೆ ಬದಲಾಗಿ ಅವನಿಂದ ಇಂಗ್ಲಿಷ್ ಕಲಿತು ಬಂದವರು. ನಾವು ನಾಲ್ವರು ಶಿಷ್ಯರು, ಎಲ್ಲರೂ ಮೀಸೆ ಬಂದವರು. ನಾನು ಅಬ್ಬಿಗೇರಿಯಿಂದ ಬಂದಿದ್ದೆ, ಹೊಸದಾಗಿ ಮದುವೆಯಾಗಿತ್ತು. ‘ಹೊಲ ಬಿಟ್ಟು ಗಿಳಿಪಾಠ ಕಲೀತಾನ’ ಎಂದು ಮಾವನವರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಇಂಗ್ಲಿಷಿನಲ್ಲಿ ‘ಒಂದು’ ‘ಒಬ್ಬ’ ಎಂಬರ್ಥದ ‘ಎ’ ಎಂಬ ಪುಟ್ಟ ಮಾತೊಂದಿದೆ. ಅದು ಯಾವಾಗಲೂ ಗುಣ ಹೇಳುವ ಮಾತಿಗಿಂತ ಮುಂದೆ ಬರುತ್ತದೆ ಎಂದು ಕಲಿತು ನಾವು ನೆಮ್ಮದಿಯಾಗಿದ್ದೆವು. ‘ಎ ಗುಡ್ ಮ್ಯಾನ್’, ಒಬ್ಬ ಒಳ್ಳೆಯ ಮನುಷ್ಯ. ಒಂದು ದಿನ ಮಾಸ್ತರರು ‘ಇಷ್ಟು ಒಳ್ಳೆಯ ಮನುಷ್ಯ’ ಎನ್ನಲು ‘ಸೋ ಗುಡ್ ಎ ಮ್ಯಾನ್’ ಎಂದುಬಿಟ್ಟರು. ನಾವು ಮುಖ ಮುಖ ನೋಡಿಕೊಂಡೆವು.

“ಮಾಸ್ತರ್ರ, ‘ಎ’ ಯಾಕ್ರಿ ಹಿಂದ ಸರೀತು?”

“ನೀವು ‘ಒಂದು ಚಲೋ ಎತ್ತು’ ಅಂತೀರಿ. ಆದ್ರ ‘ಇಂಥಾ ಒಂದು ಎತ್ತು ಎಲ್ಲೈತಿ’ ಅಂತೀರೋ, ‘ಒಂದು ಇಂಥಾ ಎತ್ತು’ ಅಂತೀರೋ? ‘ಇಷ್ಟು ಚಲೋ ಒಂದು ಎತ್ತು’ ಅನ್ನೂದಿಲ್ಲೇನು? ಅವರದೂ ಹಂಗ. ಸೋ, ಟೂ, ಸಚ್ ಇಂಥಾವು ಬಂದ್ರ ‘ಎ’ ಹಿಂದ ಸರದು ದಾರಿ ಬಿಡತೈತಿ.”

ಇದು ಕಚೇರಿಯ ಕಾರಕೂನರ ಕಿವಿಗೆ ಬಿತ್ತು. ರೋಣದಲ್ಲಿ ಮಾಸ್ತರರನ್ನು ಬಿಟ್ಟರೆ ಅಷ್ಟಿಷ್ಟು ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ಕಟ್ಟೆಗೇ ಬಂದು ನಕ್ಕರು. “ಸಾವ್ಕಾರ್ರ, ಗಣಪ್ಪನ್ನ ಬಿಟ್ಟು ಪೂಜಿ ಮಾಡಿದಂಗಾತು ಇದು! ‘ಎ’ ಮುಂದ ಬರಬೇಕು. ತಪ್ಪು ಕಲಿಸ್ಲಿಕ್ಕೆ ಹತ್ಯಾರ ಇವರು.”

ಸಾಹುಕಾರರಿಗೆ ಇಕ್ಕಟ್ಟಾಯಿತು. ಹಳೆಯ ಪರಿಚಯ, ಮೇಲಾಗಿ ಕಚೇರಿಯ ಮನುಷ್ಯ. “ಮಾಸ್ತರ್ರ, ಒಂದಕ್ಷರದ ಮಾತು. ರಾಯರು ಹೇಳಿದಂಗ ಕಲಿಸಿಬಿಡ್ರಿ,” ಎಂದರು.

“ಕಲಿಸ್ತಿದ್ದೆ ಸಾವ್ಕಾರ್ರ. ಆದ್ರ ನಾಳೆ ಈ ಹುಡುಗೂರು ಅದನ್ನ ದೊರಿ ಮುಂದ ಆಡಿದ್ರ ನಗೂದು ಇವರನ್ನ, ನನ್ನಲ್ಲ.”

ಮುಂದಿನ ವಾರ ಹತ್ತಿ ನೋಡಲು ಸಾಹೇಬನೊಬ್ಬ ಬರುವುದಿತ್ತು. ಅವನನ್ನೇ ಕೇಳೋಣ, ಮಾಸ್ತರರದು ತಪ್ಪಾದರೆ ಅವರು ಊರಿಗೆ ಮರಳಲಿ ಎಂದು ತೀರ್ಮಾನವಾಯಿತು. ನಮಗೆ ಊಟ ಸೇರಲಿಲ್ಲ. ಮಾಸ್ತರರು ಮಾತ್ರ, “ಕೇಳೂದು ಬ್ಯಾಡ. ಮ್ಯಾಲಿನವರ ಮುಂದ ರಾಯರ ಮಾನ ಹೋಗತೈತಿ. ಹೆಂಡ್ರು ಮಕ್ಕಳು ಇದ್ದವರು ಅವರು,” ಎನ್ನುತ್ತಿದ್ದರು. ತಮ್ಮ ನೆಲೆ ಹೋದೀತೆಂಬ ಚಿಂತೆ ಅವರಿಗಿದ್ದಂತೆ ಕಾಣಲಿಲ್ಲ... ಆದರೆ ಸಾಹೇಬ ಬರುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ಹಾಸಿಗೆ ಸುತ್ತಿ ಹಗ್ಗ ಬಿಗಿದಿಟ್ಟಿದ್ದರು.

ಎರೆಹೊಲದ ಬಿಸಿಲಿನಲ್ಲಿ ಕುದುರೆ ಓಡಿಸಿಕೊಂಡು ಸಾಹೇಬ ಬಂದ. ಮುಖ ಕೆಂಪು ಮೆಣಸಿನಕಾಯಿ. ಅವನ ಬೆನ್ನಿಗೇ ಕಾರಕೂನರು. ಕಟ್ಟೆಯ ಮೇಲೆ ನಾವು ಸಾಲಾಗಿ ನಿಂತಿದ್ದೆವು. ಸಾಹುಕಾರರು ಕೈಮುಗಿದು ಬಾಯಿ ತೆರೆಯುವಷ್ಟರಲ್ಲಿ ಸಾಹೇಬ ಕೆಳಗಿಳಿದು, ಟೊಪ್ಪಿಗೆ ತೆಗೆದು, ಬೆವರೊರೆಸಿಕೊಂಡು ತನ್ನಷ್ಟಕ್ಕೆ ತಾನೇ ಅಂದ: “ಟೂ ಹಾಟ್ ಎ ಡೇ!”

ವಿಪರೀತ ಬಿಸಿಲಿನ ದಿನ ಎಂದು ಅವನ ಅರ್ಥ. ನಮಗೆ ಕೇಳಿಸಿದ್ದು ಹಿಂದೆ ಸರಿದ ‘ಎ’ ಒಂದೇ. ನಾಲ್ವರೂ ಒಮ್ಮೆಲೇ “ಹೋ!” ಎಂದು ಕೂಗಿದೆವು. ಒಬ್ಬ ರುಮಾಲು ಬಿಚ್ಚಿ ಮೇಲಕ್ಕೆ ಎಸೆದ. ಕುದುರೆ ಬೆದರಿ ಹಿಂಗಾಲ ಮೇಲೆ ನಿಂತಿತು. ಸಾಹೇಬ ಇದೇನು ದಂಗೆಯೋ ಎಂಬಂತೆ ಎರಡು ಹೆಜ್ಜೆ ಹಿಂದಾದ.

ಏನು ಸಮಾಚಾರವೆಂದು ಗುಡುಗಿದ. ಕಾರಕೂನರ ಮುಖ ಸುಣ್ಣವಾಗಿತ್ತು. ಅವರ ಮಾನ ಕಳೆಯಲು ಮಾಸ್ತರರ ಒಂದು ಮಾತು ಸಾಕಿತ್ತು. “ಹೇಳ್ರಿ ಮಾಸ್ತರ್ರ, ಎಲ್ಲಾ ಹೇಳ್ರಿ!” ಎಂದು ಸಾಹುಕಾರರೇ ಹುರಿದುಂಬಿಸಿದರು.

ಮಾಸ್ತರರು ಮುಂದೆ ಬಂದು ತಲೆಬಾಗಿ ಇಂಗ್ಲಿಷಿನಲ್ಲಿ ಹೇಳಿದರು: “ತಮ್ಮಂಥ ಒಬ್ಬರು ಈ ಬಿಸಿಲಲ್ಲಿ ನಮ್ಮೂರಿಗೆ ಬಂದದ್ದಕ್ಕೆ ಹುಡುಗರಿಗೆ ಹಿಗ್ಗಾಗಿದೆ.”

ಸಾಹೇಬ ಗಹಗಹಿಸಿ ನಕ್ಕು, ನಮ್ಮತ್ತ ಟೊಪ್ಪಿಗೆ ಬೀಸಿ, ಸಾಹುಕಾರರು ಕೊಟ್ಟ ಮಜ್ಜಿಗೆಯನ್ನು ಗಟಗಟ ಕುಡಿದ. ಆ ಸಲದ ಹತ್ತಿ ವ್ಯಾಪಾರವೂ ಚೆನ್ನಾಗಿ ಕುದುರಿತು. ಸಾಹುಕಾರರು ಆಳನ್ನು ಕರೆದು ಮಾಸ್ತರರ ಹಾಸಿಗೆಯ ಹಗ್ಗ ಬಿಚ್ಚಿಸಿದರು.

ಮರುದಿನ ಸಂಜೆ ಪಾಠ ನಡೆದಾಗ ಕಾರಕೂನರು ಬಂದು ಕಟ್ಟೆಯ ಕೆಳಗೆ ನಿಂತರು. ಮೇಲೆ ಬರಲೂ ಆಗದು, ಹೋಗಲೂ ಆಗದು. ಮಾಸ್ತರರು ಪಾಠ ನಿಲ್ಲಿಸದೆ, ಕೈಯಿಂದಲೇ ಚಾಪೆಯ ಮೇಲಿನ ಧೂಳು ಝಾಡಿಸಿ, “ಬರ್ರಿ ರಾಯರ, ಮುಂದ ಕುಂದರ್ರಿ,” ಎಂದರು. ಅಂದಿನಿಂದ ನಾವು ಐವರಾದೆವು. ಹೆಚ್ಚು ಪ್ರಶ್ನೆ ಕೇಳುತ್ತಿದ್ದವರೂ ಅವರೇ!

ನನಗೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮಾವನವರ ಬಾಯಿ ಮುಚ್ಚಿತು. ವಯಸ್ಸಾದ ಮೇಲೆ ಮಾಸ್ತರರು ಗಜೇಂದ್ರಗಡಕ್ಕೆ, ಮಗನ ಮನೆಗೆ ಹೊರಟಾಗ ಸ್ವಂತ ಬಂಡಿ ಕಟ್ಟಿಕೊಂಡು ಬಿಟ್ಟುಬಂದವರು ಕಾರಕೂನರು. ಮುಂದೆ ನನಗೂ ಅಲ್ಲಿಗೇ ವರ್ಗವಾಗಿ, ಅವರ ಹಿಂದಿನ ಓಣಿಯಲ್ಲೇ ಮನೆ ಮಾಡಿದೆ. ಏನಾದರೂ ಅನುಮಾನ ಬಂದರೆ ಓಡುತ್ತಿದ್ದೆ. ಮಗ್ಗದ ಸದ್ದಿಗೆ ಅವರು ದನಿ ಎತ್ತರಿಸಿ ಇಂಗ್ಲಿಷ್ ಹೇಳಿಕೊಡುತ್ತಿದ್ದರೆ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಅವರು ತೀರಿಕೊಂಡು ಈಗ ಬಹಳ ವರ್ಷಗಳಾದವು... ಇಂಗ್ಲಿಷ್ ಬಲ್ಲವರು ಈಗ ಊರೂರಿಗೂ ಇದ್ದಾರೆ. ಆದರೂ ಮೊನ್ನೆ ಏನೋ ಓದುತ್ತಿದ್ದಾಗ ಒಂದು ಮಾತಿನ ಬಗ್ಗೆ ಅನುಮಾನ ಬಂತು. ಎದ್ದು, ಚಪ್ಪಲಿ ಮೆಟ್ಟಿ, ಹಿಂದಿನ ಓಣಿಯ ತಿರುವಿನವರೆಗೆ ಹೋದೆ. ಅಲ್ಲಿ ನೆನಪಾಯಿತು. ಸ್ವಲ್ಪ ಹೊತ್ತು ನಿಂತು, ನನಗೇ ನಗು ಬಂದು, ಮನೆಗೆ ಮರಳಿದೆ. ಆ ಅನುಮಾನವನ್ನು ಇನ್ನೂ ಯಾರನ್ನೂ ಕೇಳಿಲ್ಲ.