ಅತ್ತೆಗೆ ಉಳಿಯದ ಗೋರಿಕಾಯಿ ಪಲ್ಯ

ಕೇಳ್ರಪ್ಪಾ, ಇವತ್ತು ಜಾಲಹಳ್ಳೀಲಿ ಬಾಮೈದ ಹೊಸ ಕ್ವಾರ್ಟರ್ಸಲ್ಲಿ ಹಾಲುಕ್ಕಿಸಿದ. ಯಶವಂತಪುರದಿಂದ ಜಟಕಾದಲ್ಲಿ ಹೋಗಿ ಪಂಕ್ತೀಲಿ ಕೂತೆ. ಗೋರಿಕಾಯಿ ಪಲ್ಯ ಬಂತು. ಬಡಿಸ್ತಿದ್ದ ನಾದಿನಿಗೆ ನಮ್ಮತ್ತೆ ಎಲ್ಲರಿಗೂ ಕೇಳೋ ಹಾಗೆ, "ಅಳಿಯಂದಿರಿಗೆ ಬೇಡ ಕಣೇ, ತರಕಾರಿ ಅಂದ್ರೆ ಮಗು ಥರ ಮುಖ ತಿರುಗಿಸ್ತಾರೆ" ಅಂದ್ರು.

ರೇಗಿ ಹೋಯ್ತು. "ಹಾಕಮ್ಮಾ!" ಅಂದೆ. ಮೊದಲು ಅದನ್ನೇ ಮುಗಿಸಿಬಿಡೋಣ ಅಂತ ಅಗಿಯದೇ ನುಂಗಿದೆ. ಎಲೆ ಮೇಲೆ ಜಾಗ ಖಾಲಿ ಕಂಡ್ರೆ ನಮ್ಮೋರು ಬಿಡ್ತಾರಾ? ನಾದಿನಿ ಇನ್ನೊಂದು ಸೌಟು ಹಾಕಿದ್ಲು. ಈ ಸಲ ಅಗಿದೆ. ಹಾಳಾದ್ದು, ರುಚಿಯಾಗಿತ್ತು!

ಅತ್ತೆ ಮುಂದೆ ಒಪ್ಕೊಳ್ಳೋದುಂಟೇ? "ಏನೋ ಪರವಾಗಿಲ್ಲ, ಹಾಕು" ಅಂತಂತಲೇ ಪಾತ್ರೆ ಖಾಲಿ ಮಾಡಿಸಿದೆ.

ಕೊನೇ ಪಂಕ್ತೀಲಿ ಅತ್ತೆ ಕೂತಾಗ ಪಲ್ಯವೇ ಇಲ್ಲ. ಇಷ್ಟು ವರ್ಷ ನಾನು ತಿನ್ನಲಿಲ್ಲ. ಇವತ್ತು ಅವರಿಗೆ ತಿನ್ನೋಕೆ ಬಿಡಲಿಲ್ಲ.