ಮೂರನೆಯ ಕೂಗು

ಚಳಿಗಾಲದಲ್ಲಿ ಬೆಟ್ಟ ಹತ್ತಲು ನನ್ನ ಚಿಕ್ಕಪ್ಪ ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದರು. ಬಿಸಿಲು ಬಿದ್ದು ಬಂಡೆ ಒಣಗುವ ತನಕ ಹತ್ತಬಾರದು. ಬೂಟು, ಚಪ್ಪಲಿ ಕೆಳಗೇ ಬಿಡಬೇಕು. ಒಣಹುಲ್ಲಿಗೆ ಮೊದಲು ಕೋಲು ಬಡಿದು ಆಮೇಲೆ ಕಾಲಿಡಬೇಕು. ಇನ್ನೊಂದಿತ್ತು: ಮಂಜಿನಲ್ಲಿ ಯಾರಾದರೂ ಕೂಗಿದರೆ ಮೂರನೆಯ ಕೂಗಿನವರೆಗೂ ಓಗೊಡಬಾರದು. ದೆವ್ವಕ್ಕೆ ಎರಡು ಸಲ ಮಾತ್ರ ಕೂಗಲು ಬರುವುದಂತೆ. ಕುಣಿಗಲ್ ಸೀಮೆಯ ಆ ದುರ್ಗದ ಬೆಟ್ಟದ ಬುಡದಲ್ಲೇ ಕುರಿ ಕಾಯುತ್ತ ಬೆಳೆದವರು ಅವರು, ಒಮ್ಮೆಯೂ ಜಾರಿದವರಲ್ಲ. ಹಾಗಾಗಿ ಅವರು ಹೇಳಿದ್ದನ್ನೆಲ್ಲ ನಾನು ಕಣ್ಣುಮುಚ್ಚಿ ನಂಬಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯಲ್ಲಿ ಕನ್ನಡ ಮೇಷ್ಟ್ರು. ಅಲ್ಲೇ ಲೆಕ್ಕ ಹೇಳಿಕೊಡುತ್ತಿದ್ದ ತುಮಕೂರಿನ ಗೆಳೆಯರೊಬ್ಬರು ಒಂದು ಪುಷ್ಯಮಾಸದಲ್ಲಿ ನನ್ನ ಜೊತೆ ಚಿಕ್ಕಪ್ಪನ ಮನೆಗೆ ಬಂದರು. ಬೆಟ್ಟದ ಮೇಲಿಂದ ಸೂರ್ಯೋದಯ ನೋಡಲೇಬೇಕೆಂದು ಹಟ ಹಿಡಿದರು. ಕಾಲಲ್ಲಿ ಹೊಸ ಕ್ಯಾನ್ವಾಸ್ ಶೂ.

"ಬಂಡೆ ಒಣಗ್ಲಿ ಮೇಷ್ಟ್ರೇ" ಎಂದರು ಚಿಕ್ಕಪ್ಪ.

"ಅಷ್ಟೊತ್ತಿಗೆ ಸೂರ್ಯ ನೆತ್ತಿ ಮೇಲಿರ್ತಾನೆ ಬಿಡಿ" ಎಂದು ಅವರು ನಕ್ಕರು.

ಮನೆಗೆ ಬಂದ ನೆಂಟರ ಮಾತು ತೆಗೆದುಹಾಕುವುದು ಹೇಗೆ? ಚಿಕ್ಕಪ್ಪ ಕೋಲು ತೆಗೆದುಕೊಂಡು ಮುಂದೆ ನಡೆದರು. ಅರ್ಧ ಹತ್ತುವಷ್ಟರಲ್ಲಿ ಬೆಳ್ಳನೆಯ ಮಂಜು ಕವಿಯಿತು. ಪಕ್ಕದಲ್ಲಿದ್ದ ಚಿಕ್ಕಪ್ಪನ ಕಂಬಳಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೇಷ್ಟ್ರು ಶೂ ದಾರ ಕಟ್ಟಿಕೊಂಡು ಬರುತ್ತೇನೆಂದು ಹಿಂದೆ ಉಳಿದಿದ್ದರು.

"ಸಾರ್!"

ಕೆಳಗಿನಿಂದ ಬಂತು. ಅವರದೇ ದನಿ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ನನ್ನ ಮಣಿಕಟ್ಟು ಹಿಡಿದರು. "ಓಗೊಡ್ಬೇಡ ಕಣ್ಲಾ. ಮೂರಾಗ್ಲಿ."

"ಸಾರ್..."

ಎರಡನೆಯದು. ನಾವಿಬ್ಬರೂ ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾದೆವು. ಅದು ಬರಲೇ ಇಲ್ಲ. "ನೋಡ್ದಾ?" ಎಂದು ಚಿಕ್ಕಪ್ಪ ಪಿಸುಗುಟ್ಟಿದರು. ನನ್ನ ಮೈ ಜುಮ್ಮೆಂದಿತು. ದೆವ್ವದಿಂದ ತಪ್ಪಿಸಿಕೊಂಡೆನಲ್ಲ ಎಂದು ಖುಷಿಯೂ ಆಯಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಎಷ್ಟು ಹೊತ್ತಾದರೂ ಅವರು ಬಾರದೇ ಹೋದಾಗ ಇಳಿದು ನೋಡಿದೆವು. ದಾರಿಯಂಚಿನಲ್ಲಿ ಬುಡ ಕಿತ್ತುಬಂದ ಒಂದು ಪೊದೆ ಇತ್ತು. ಅದರ ಕೆಳಗೆ, ಎರಡಾಳು ಆಳದ ಕೊರಕಲಿನಲ್ಲಿ ಮೇಷ್ಟ್ರು ಬಿದ್ದಿದ್ದರು. ಜಾರಿದವರು ಆ ಪೊದೆ ಹಿಡಿದು ನೇತಾಡುತ್ತ ಎರಡು ಸಲ ಕೂಗಿದ್ದರು. ಮೂರನೆಯದಕ್ಕೆ ಮೊದಲೇ ಪೊದೆ ಕಿತ್ತುಬಂದಿತ್ತು.

ಕಂಬಳಿಯಲ್ಲಿ ಹೊತ್ತು ಇಳಿಸುವಾಗ ಅವರು ನನ್ನನ್ನು ಕೇಳಿದರು: "ಕೂಗಿದ್ದು ಕೇಳಿಸ್ಲಿಲ್ವಾ ಸಾರ್?"

"ಇಲ್ಲ" ಎಂದೆ. ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ.

ತೊಡೆಯ ಮೂಳೆ ಕೂಡಿಕೊಂಡಿತು, ಕಾಲು ಮಾತ್ರ ಗಿಡ್ಡವಾಯಿತು. ಆಮೇಲೆ ವರ್ಷಗಟ್ಟಲೆ ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕುರ್ಚಿಯಲ್ಲೇ ಕೂತರು. ಚಾಕ್‌ಪೀಸ್ ಬೇಕಾದಾಗ "ಸಾರ್" ಎನ್ನುವರು. ನಾನು ಬೆಚ್ಚಿ, ಅವರು ಮಾತು ಮುಗಿಸುವ ಮೊದಲೇ "ಆಂ" ಎನ್ನುತ್ತಿದ್ದೆ. "ಏನ್ ಸಾರ್, ಇಷ್ಟು ಚುರುಕಾಗ್ಬಿಟ್ರಿ!" ಎಂದು ತಮಾಷೆ ಮಾಡುತ್ತಿದ್ದರು. ನಿಜ ಎಷ್ಟೋ ಸಲ ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ.

ಎಂಬತ್ತರ ದಶಕದ ಒಂದು ಡಿಸೆಂಬರಿನಲ್ಲಿ ಶಾಲೆಯ ಮಕ್ಕಳನ್ನು ಅದೇ ಬೆಟ್ಟಕ್ಕೆ ಕರೆದುಕೊಂಡು ಹೋದೆವು. ಬಂಡೆ ಒಣಗುವ ತನಕ ಎಲ್ಲರನ್ನೂ ಕೆಳಗೆ ಕೂರಿಸಿ ಲೆಕ್ಕದ ಮೇಷ್ಟ್ರೇ ಬುದ್ಧಿ ಹೇಳಿದರು.

"ಮಂಜಲ್ಲಿ ಕೂಗಿದ್ರೆ ಕೇಳ್ಸಲ್ಲ ಕಣ್ರೋ, ಸೀಟಿನೇ ಊದ್ಬೇಕು. ಅವತ್ತು ಈ ಮೇಷ್ಟ್ರು ಇಲ್ಲೇ ಮೇಲಿದ್ರು. ಪಾಪ, ಇವ್ರಿಗೇ ಕೇಳಿಸ್ಲಿಲ್ಲ. ಕೇಳಿಸಿದ್ರೆ ಓಡಿ ಬರ್ತಿರ್ಲಿಲ್ವಾ?"

ಮಕ್ಕಳೆಲ್ಲ ನನ್ನ ಕಡೆ ನೋಡಿದರು. ಮೇಷ್ಟ್ರು ಜೇಬಿನಿಂದ ಒಂದು ಸೀಟಿ ತೆಗೆದು, ಕುಂಟುತ್ತ ಬಂದು, ನನ್ನ ಕೊರಳಿಗೆ ಹಾಕಿದರು.